ನಲ್ಲಿಯ ಮುಂದೆ ಮೂವರು ಓರಗಿತ್ತಿಯರು

ಸೂರ್ಯನಿಗೆ ಫುಟ್‌ಬಾಲು, ಭೂಮಿಗೆ ಸಾಸಿವೆ ಕಾಳು. ಇಷ್ಟೇ ಬಂಡವಾಳದಲ್ಲಿ ಚುಕ್ಕಿ ಟೀಚರ್ ವರ್ಷಗಟ್ಟಲೆ ನೆಮ್ಮದಿಯಾಗಿ ಪಾಠ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಮೇಲಿನವರಿಂದ ಅಪ್ಪಣೆಯಾಯಿತು: ಇನ್ನು ಮುಂದೆ ಬಾಹ್ಯಾಕಾಶ ವಿಜ್ಞಾನವನ್ನು ಪರಂಪರೆಯ ಜೊತೆ ಬೆರೆಸಿ ಕಲಿಸತಕ್ಕದ್ದು. ನೋಡಲು ಸಾಹೇಬರು ಖುದ್ದಾಗಿ ಬರುತ್ತಾರೆ.

"ಪರಂಪರೆ ಎಲ್ಲಿಂದ ತರ್ಲಿ ಸಾರ್?"

"ಮನೇಲಿ ವಯಸ್ಸಾದೋರು ಯಾರೂ ಇಲ್ವೇನಮ್ಮಾ?" ಎಂದರು ಹೆಡ್‌ಮಾಸ್ತರರು.

ಅತ್ತೆ ಇದ್ದರು. ಆದರೆ ಅವರು ಆಕಾಶ ನೋಡುತ್ತಿದ್ದುದು ಒಣಹಾಕಿದ ಬಟ್ಟೆ ತೆಗೆಯಬೇಕೋ ಬೇಡವೋ ಎಂದು ತಿಳಿಯಲಿಕ್ಕೆ ಮಾತ್ರ. "ನಂಗೆ ಯಾವ ಕಥೇನೂ ಬರಲ್ಲ ಕಣೇ," ಎಂದರೂ ಒಳ್ಳೆಯ ಸೀರೆ ಉಟ್ಟು ಶಾಲೆಗೆ ಹೊರಟೇಬಿಟ್ಟರು.

ಸಾಹೇಬರು ಮುಂದಿನ ಬೆಂಚಿನಲ್ಲಿ ಕೂತರು. ಟೀಚರ್ ಬೋರ್ಡಿನ ಮೇಲೆ ಸಾಲಾಗಿ ಮೂರು ನಕ್ಷತ್ರ ಬರೆದು ಅತ್ತೆಯ ಮುಖ ನೋಡಿದಳು. ಅತ್ತೆ ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಇವರು ಮೂವರು ಓರಗಿತ್ತೀರು. ನಲ್ಲಿ ಮುಂದೆ ಕೊಡ ಹಿಡ್ಕೊಂಡು ನಿಂತಿದ್ದಾರೆ. ಮೊದಲು ಯಾರು ಹಿಡೀಬೇಕು ಅಂತ ಜಗಳ ಆಗಿ ಮಾತು ಬಿಟ್ಟಿದ್ದಾರೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರ್ ಸಿಕ್ಕಿದ್ದೇ ಸಮಯವೆಂದು, "ನೋಡೋಕೆ ಅಕ್ಕಪಕ್ಕ ಇದ್ದ ಹಾಗಿದ್ರೂ ಒಂದಕ್ಕೊಂದು ತುಂಬಾ ದೂರ," ಎಂದು ಸೇರಿಸಿದಳು.

"ಮಾತು ಬಿಟ್ಮೇಲೆ ಹತ್ರ ಯಾಕೆ ನಿಲ್ತಾರೆ?" ಎಂದರು ಅತ್ತೆ.

ಸಾಹೇಬರ ಕಣ್ಣು ತುಂಬಿ ಬಂತು. "ಸಾವಿರಾರು ವರ್ಷಗಳ ಜ್ಞಾನ!"

"ನಲ್ಲಿ ಅಂದ್ರಲ್ಲ ಸಾರ್..." ಎಂದು ಟೀಚರ್ ಬಾಯಿ ತೆರೆದಳು.

"ನಲ್ಲಿ ಅಂದ್ರೆ ಆಕಾಶಗಂಗೆ ಕಣಮ್ಮಾ. ಪೂರ್ವಿಕರು ಎಲ್ಲಾನೂ ಬಿಡಿಸಿ ಹೇಳ್ತಿರ್ಲಿಲ್ಲ."

ಅತ್ತೆಗೆ ಶಾಲು ಹೊದಿಸಿದರು. ಸಂಜೆ ಟೀಚರ್ ಕೇಳಿದಳು, "ಅತ್ತೇ, ಅದು ನೀವೇ ಕಟ್ಟಿದ್ದಲ್ವಾ?"

"ಮತ್ತೆ? ಯಾರೋ ಒಬ್ರು ಕಟ್ಲೇಬೇಕಲ್ಲ!"

ಕೆಲವು ತಿಂಗಳಾದ ಮೇಲೆ ಟೀಚರಿಗೆ ತರಬೇತಿಯ ಕರೆ ಬಂತು. ಅಲ್ಲಿ ಟೈ ಕಟ್ಟಿದ ತರಬೇತುದಾರನೊಬ್ಬ ಅದೇ ಕಥೆಯನ್ನು ಅವಳಿಗೇ ಕಲಿಸಿದ. ಅವನ ಪ್ರಕಾರ ಓರಗಿತ್ತಿಯರು ಮೂವರೂ ಅನ್ಯೋನ್ಯವಾಗಿದ್ದರು. ಒಬ್ಬರ ಕೊಡ ಇನ್ನೊಬ್ಬರು ಹೊತ್ತುಕೊಡುತ್ತಿದ್ದರು. ಟೀಚರ್ ಎದ್ದು ನಿಂತು, ಅವರು ಜಗಳವಾಡಿದ್ದರು ಎಂದಳು. "ನಿಮಗೆ ಪರಂಪರೆಯ ಪರಿಚಯ ಕಡಿಮೆ, ಮೇಡಂ," ಎಂದು ಅವನು ಕೂರಿಸಿದ.

ವಿಷಯ ಕೇಳಿ ಅತ್ತೆ ಕೆಂಡವಾದರು. "ಜಗಳಾನೇ ಆಡದ ಓರಗಿತ್ತೀರಾ? ಅವನಿಗೆ ಮದುವೆ ಆಗಿದ್ಯೇನೇ?"

ಮರುದಿನ ಟೀಚರ್ ತರಗತಿಯ ಬಾಗಿಲು ಮುಂದೆ ಮಾಡಿ, ಜಗಳ ಸಮೇತ ಪಾಠ ಮಾಡಿದಳು.