ವೀಸಾ ನೋಡಲು ಬಂದ ಹುಡುಗ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಹತ್ತನೇ ತರಗತಿಗೇ ಶಾಲೆ ಬಿಟ್ಟವಳಿಗೆ ಪದಗಳೂ ಕಡಿಮೆ. ಓದುವವರು ಕ್ಷಮಿಸಬೇಕು. ಆದರೆ ದೋಹಾದ ನಮ್ಮ ಬಿನ್ ಒಮ್ರಾನ್ ಬಡಾವಣೆಯ ಮಾಜಿದಾಳ ಮನೆಯಲ್ಲಿ ನಡೆದದ್ದನ್ನು ಒಂದಕ್ಷರ ಹೆಚ್ಚಿಸದೆ ಬರೆಯುತ್ತೇನೆ.

ಮಾಜಿದಾಳಿಗೆ ಹತ್ತೊಂಬತ್ತು. ಹುಟ್ಟಿದ್ದು ದೋಹಾದಲ್ಲೇ. ಮನೆಯಲ್ಲಿ ಕೂತು ಅಕ್ಕಪಕ್ಕದವರ ಅಬಾಯಗಳಿಗೆ ಅಂಚು ಹೊಲಿಯುತ್ತಾಳೆ. ಕಳೆದ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಅವಳನ್ನು ನೋಡಲು ವಿಟ್ಲದ ಫವಾಝ್ ಬಂದ. ಜೊತೆಗೆ ಅವನ ಸೋದರತ್ತೆ ಆಯಿಷಮ್ಮ. ಇಬ್ಬರೂ ವಿಸಿಟ್ ವೀಸಾದವರು. ಊರಲ್ಲಿ ಫವಾಝ್‌ನದು ಮೊಬೈಲ್ ರಿಪೇರಿ ಅಂಗಡಿ, ಕೈತುಂಬ ಕೆಲಸ. ಆದರೆ ಊರಲ್ಲೇ ಉಳಿದ ಗಂಡಸು ಊರವರ ಲೆಕ್ಕದಲ್ಲಿ ಗಂಡಸೇ ಅಲ್ಲ. ಬಂದ ಮೂರೇ ದಿನದಲ್ಲಿ ಯಾರದೋ ಲ್ಯಾಂಡ್ ಕ್ರೂಸರ್‌ಗೆ ಒರಗಿ ತೆಗೆಸಿದ ಫೋಟೋ ವಿಟ್ಲವಿಡೀ ಹಂಚಿಯಾಗಿತ್ತು. ಕಾರಿನ ಯಜಮಾನ "ಯಲ್ಲಾ, ಯಲ್ಲಾ" ಎಂದು ಅವನನ್ನು ಅಟ್ಟಿದ ಸುದ್ದಿ ಮಾತ್ರ ಬಿನ್ ಒಮ್ರಾನ್‌ನಲ್ಲಷ್ಟೇ ಹರಡಿತು.

ಮಾಜಿದಾ ಚಹಾ ತಂದಳು. ಆಯಿಷಮ್ಮ ಅವಳ ಮುಖವನ್ನೂ ನೋಡದೆ ಅವಳ ಅಪ್ಪ ಅಲಿಯಬ್ಬರನ್ನು ಕೇಳಿದರು: "ಹುಡುಗಿ ಇಲ್ಲೇ ಹುಟ್ಟಿದ್ದಲ್ವಾ? ನಿಕಾಹ್ ಆದ ಕೂಡಲೇ ನಮ್ಮ ಹುಡುಗನಿಗೂ ಇಲ್ಲೇ ಉಳಿಯುವ ಐಡಿ ಸಿಗ್ತದಲ್ಲ?"

ಅಲಿಯಬ್ಬ ಕೆಮ್ಮಿ, ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು. ಇಪ್ಪತ್ತಾರು ವರ್ಷ ಇಲ್ಲಿದ್ದವರಿಗೆ ಕಾನೂನು ಗೊತ್ತಿಲ್ಲವೇ? ಸಂಬಂಧ ತಪ್ಪಬಾರದೆಂದು ಬಾಯಿ ಬಿಡಲಿಲ್ಲ, ಅಷ್ಟೇ. ತಾನೂ ಸುಮ್ಮನಿದ್ದರೆ ರಜೆಯಲ್ಲಿ ಮಾತ್ರ ಕಂಡ ಊರಿಗೆ, ಫೋಟೋಗಾಗಿ ಬದುಕುವ ಗಂಡನ ಹಿಂದೆ ಹೋಗಬೇಕಾಗುತ್ತದೆಂದು ಮಾಜಿದಾಳಿಗೆ ತಿಳಿಯಿತು.

"ಸಿಗುವುದಿಲ್ಲ ಮಾಮಿ. ನಾನಿರುವುದು ಬಾಪನ ವೀಸಾದಲ್ಲಿ, ಮದುವೆಯಾಗದ ಮಗಳು ಅಂತ. ಮದುವೆಯಾದರೆ ನನ್ನದೂ ಖಲಾಸ್."

ಆಯಿಷಮ್ಮನ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. "ಹಾಗಾದ್ರೆ ಇಲ್ಲಿ ಹುಟ್ಟಿ ಏನು ಪ್ರಯೋಜನ ಮಾರಾಯ್ತಿ?"

ಮಾಜಿದಾ ಫವಾಝ್‌ನತ್ತ ತಿರುಗಿದಳು. "ಅಂಗಡಿ ಚೆನ್ನಾಗಿ ನಡೀತದಂತೆ. ಮತ್ತೆ ಇಲ್ಲಿಗೆ ಯಾಕೆ?"

"ನಡೀತದೆ. ಆದ್ರೆ ಊರಲ್ಲಿ ಕೂತವನಿಗೆ ಮರ್ಯಾದೆ ಉಂಟಾ?"

"ಇಲ್ಲಿ ಉಂಟಾ? ಆ ಕಾರಿನವ ಎಷ್ಟು ಮರ್ಯಾದೆ ಕೊಟ್ಟ?"

ಫವಾಝ್ ಕೆಂಪಾದ. ಅತ್ತೆ-ಅಳಿಯ ಚಹಾ ಮುಗಿಸದೆ ಎದ್ದುಹೋದರು.

"ನಿನ್ನ ನಾಲಿಗೆಗೇ ಹೊಲಿಗೆ ಹಾಕಬೇಕಿತ್ತು!" ಅಲಿಯಬ್ಬ ಸಿಡುಕಿದರು. "ನಾಳೆ ನನ್ನ ಕೆಲಸ ಹೋದರೆ ನೀನೂ ಗಂಟುಮೂಟೆ ಕಟ್ಟಬೇಕು, ಗೊತ್ತುಂಟಾ?"

ಅದು ಸುಳ್ಳಲ್ಲ. ಫವಾಝ್‌ನನ್ನು ಹಂಗಿಸಿದವಳಿಗೂ ಇಲ್ಲಿ ಸ್ವಂತದ್ದೆಂಬುದು ಏನೂ ಇರಲಿಲ್ಲ. ದೋಹಾದ ಇನ್ನೊಂದು ಬದಿಯ ಐನ್ ಖಾಲಿದ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ತೆರೆಜಾ ಆಂಟಿಗೆ ಜನ ಬೇಕಂತೆ, ಬಾಪನದ್ದಲ್ಲದ, ಅವರವರ ಹೆಸರಿನದ್ದೇ ಕೆಲಸದ ವೀಸಾವನ್ನೂ ಮಾಡಿಸಿಕೊಡುತ್ತಾರಂತೆ. ಬರುವ ಭಾನುವಾರ ಬೆಳಿಗ್ಗೆ ಮಾಜಿದಾ ಅಲ್ಲಿಗೆ ಹೋಗಿ ಕೆಲಸ ಕೇಳುತ್ತಾಳೆ.