ಟಿ.ವಿ.ಯ ಮುಂದೆ ಕೂರದ ಸರ್

ಸಿಂದಗಿಯ ಕಾಲೇಜಿಗೆ ದೂರದ ವಿಶ್ವವಿದ್ಯಾಲಯದ ಪಾಠ ಟಿ.ವಿ.ಯಲ್ಲಿ ಬರತೊಡಗಿದಾಗ ಅದನ್ನು ನೋಡಿಕೊಳ್ಳಲು ಒಬ್ಬ ಸರ್ ಇದ್ದರು. ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ಬಾಡಿಗೆಗೆ ಕೊಡುವ ನನ್ನ ಜನರೇಟರ್ ಯಾವ ಮದುವೆಯಲ್ಲೂ ಕೈಕೊಟ್ಟಿದ್ದಿಲ್ಲ, ಹಾಗಾಗಿ ಪಾಠದ ನಡುವೆ ಕರೆಂಟು ಹೋದೀತೆಂದು ಸರ್ ನನ್ನನ್ನೇ ಕರೆಸುತ್ತಿದ್ದರು. ಒರೆಸಿದ ಪರದೆಯನ್ನೇ ಮತ್ತೆ ಕರ್ಚೀಫಿನಿಂದ ಒರೆಸುತ್ತ, "ನಮ್ಮ ಕಡಿಂದ ತಪ್ಪ ಆಗಬಾರದು ನೋಡಪಾ" ಎನ್ನುತ್ತಿದ್ದರು.

ಅಂಜಿಕೆಗೆ ಕಾರಣವಿತ್ತು. ಪಾಠ ಸರಿಯಾಗಿ ನಡೆಯದಿದ್ದರೆ ಈ ಟಿ.ವಿ. ಪಾಠದ ಕೇಂದ್ರ ಬಿಜಾಪುರಕ್ಕೆ ಹೋಗುತ್ತಿತ್ತು. ಇಲ್ಲಿಗೆ ಕಲಿಯಲು ಬರುವ ಆಲಮೇಲದ ಕಡೆಯ ಹುಡುಗಿಯರನ್ನು ಅಷ್ಟು ದೂರ ಯಾವ ಮನೆಯವರೂ ಕಳಿಸುತ್ತಿರಲಿಲ್ಲ.

ಮೊದಲ ದಿನ ಪರದೆಯ ಮೇಲೆ ಪ್ರೊಫೆಸರರು ಮೂಡಿದರು. ಅವರಿಗೆ ನಾವು ಕಾಣಲೆಂದು ಟಿ.ವಿ.ಯ ಮೇಲೊಂದು ಕ್ಯಾಮೆರಾ ಇತ್ತು. ಹುಡುಗಿಯರೆಲ್ಲ ಎದ್ದು ನಿಂತರು. ಅಷ್ಟರಲ್ಲಿ ಪ್ರೊಫೆಸರರ ಚಿತ್ರ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು, ದನಿಯೂ ಹೋಯಿತು. ಕುಳಿತುಕೊಳ್ಳಿ ಎನ್ನುವವರಿಲ್ಲದೆ ಯಾರೂ ಕೂರಲಿಲ್ಲ. ಸರ್ ಕೈಮುಗಿದುಕೊಂಡೇ ಬೆವರುತ್ತಿದ್ದರು.

"ಸರ್ರ, ನನ್ನ ಜನರೇಟರ್ ಚಲೋ ಐತ್ರಿ, ಲೈನೇ ಕೆಟ್ಟೈತಿ. ಪಟಕ್ಕ ಎಷ್ಟೊತ್ತು ಮರ್ಯಾದಿ ಕೊಡ್ತೀರಿ? ಕುಂದರ್ರಿ," ಎಂದೆ.

"ಸುಮ್ನಿರೋ ಮಾರಾಯಾ. ಅವರಿಗೆ ನಾವು ಕಾಣಾಕತ್ತಿದ್ರ?"

ಕೊನೆಗೆ ಚಿತ್ರ ಅಲುಗಾಡಿತು. "ಅಷ್ಟೊತ್ತಿಂದ ನಿಂತೇ ಇದ್ದೀರಲ್ಲ! ನನಗೆ ಕಾಣುತ್ತಿತ್ತು. ಕುಳಿತುಕೊಳ್ಳಿ," ಎಂದು ಪ್ರೊಫೆಸರರು ನಕ್ಕರು.

ಹುಡುಗಿಯರು ಕುಳಿತರು. ಸರ್ ನನ್ನ ಕಿವಿಯ ಹತ್ತಿರ ಬಂದು, "ಮತ್ತ ಪಟ ನಿಂತ್ರ ಏನ್ ಮಾಡೋದಪಾ?" ಎಂದರು.

ಕೇಂದ್ರ ಸಿಂದಗಿಯಲ್ಲೇ ಉಳಿಯಿತು. ಸರ್ ಮಾತ್ರ ಆ ಟಿ.ವಿ.ಯ ಮುಂದೆ ಒಮ್ಮೆಯಾದರೂ ಕುಳಿತದ್ದನ್ನು ನಾನು ಕಾಣೆ.