ವಾಕರಿಕೆಯ ದಿನಗಳ ಜೈನಬಕ್ಕ

ಬಾಗಿಲು ತೆರೆದರೆ ಜೈನಬಕ್ಕ ಹೇಗಿದ್ದೀ ಎಂದು ಕೇಳುತ್ತಿರಲಿಲ್ಲ. “ಇವತ್ತು ಎಂತ ನಿಂತಿತು?” ಎನ್ನುತ್ತಿದ್ದರು. ಹೊಟ್ಟೆಯಲ್ಲಿ ಏನಾದರೂ ಉಳಿಯಿತೇ ಎಂದು. ಹೆಚ್ಚಿನ ದಿನ ಏನೂ ಉಳಿದಿರುತ್ತಿರಲಿಲ್ಲ.

ರಿಯಾದಿನ ಮಲಾಜ್‌ನಲ್ಲಿ ನಮ್ಮದು ಎರಡನೇ ಮಹಡಿ, ಅವರದು ಅದರ ಕೆಳಗೆ. ನಾನು ದಾವಣಗೆರೆಯಿಂದ ಬಂದು ಐದೇ ತಿಂಗಳಾಗಿತ್ತು. ಬಂಟ್ವಾಳದ ಕಡೆಯ ಅವರು ಗಂಡನೊಂದಿಗೆ ಹದಿನೆಂಟು ವರ್ಷದಿಂದ ಅಲ್ಲಿದ್ದರು. ನನಗೆ ಮೊದಲ ಬಸಿರು. ವಾಕರಿಕೆ ಬೆಳಗ್ಗೆ ಮಾತ್ರ ಎಂದು ಓದಿದ್ದೆ; ನನಗೆ ದಿನವಿಡೀ. ಅಮ್ಮ ಫೋನಿನಲ್ಲಿ ಮೆಣಸಿನ ಸಾರು ಕುಡಿ ಎಂದಳು, ಅತ್ತೆ ಅದು ಉಷ್ಣ, ಮುಟ್ಟಬೇಡ ಎಂದರು. ವಾಂತಿಯಾದಷ್ಟೂ ಮಗು ಗಟ್ಟಿ ಎಂದು ಒಬ್ಬರು, ಹಾಗಾದರೆ ಮಗುವಿಗೆ ಊಟ ಎಲ್ಲಿಂದ ಎಂದು ಇನ್ನೊಬ್ಬರು. ಯಾರ ಮಾತು ಹಿಡಿಯುವುದೋ ತಿಳಿಯದೆ ಕುಕ್ಕರಿನ ವಾಸನೆಗೇ ಬಚ್ಚಲಿಗೆ ಓಡುತ್ತಿದ್ದೆ.

ಜೈನಬಕ್ಕ ನನ್ನ ದಿಂಬಿನ ಪಕ್ಕ ರಸ್ಕಿನ ಪೊಟ್ಟಣ ಇಟ್ಟರು. “ಏಳುವ ಮೊದಲು ಒಂದು ತಿನ್ನು. ಹೊಟ್ಟೆ ಖಾಲಿ ಬಿಡ್ಬೇಡ, ತುಂಬಿಸ್ಲಿಕ್ಕೂ ಹೋಗ್ಬೇಡ.” ನೀರನ್ನು ಊಟದ ಜೊತೆ ಬೇಡ, ನಡುನಡುವೆ ಗುಟುಕು ಗುಟುಕಾಗಿ ಕುಡಿ ಎಂದರು. ನನ್ನ ಸಲುವಾಗಿ ಅವರು ಎರಡು ತಿಂಗಳಿಂದ ಮೀನು ಹುರಿದಿಲ್ಲವೆಂದು ಅವರ ಗಂಡ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದರು.

ಒಂದು ದಿನ ನೀರೂ ನಿಲ್ಲಲಿಲ್ಲ. ಮೂತ್ರದ ಬಣ್ಣ ಹೇಗಿದೆ ಎಂದು ಅವರು ಕೇಳಿದಾಗ ನಾಚಿಕೊಂಡೆ. ತುಂಬಾ ಕಡಿಮೆ, ಗಾಢ ಹಳದಿ ಎಂದೆ. ಅವರು ಆಗಲೇ ಅಬಾಯಾ ಹಾಕಿಕೊಂಡರು. “ಇದು ರಸ್ಕಿಗೆ ಬಗ್ಗುವಂಥದ್ದಲ್ಲ, ನಡಿ,” ಎಂದು ಟ್ಯಾಕ್ಸಿಯಲ್ಲಿ ಕ್ಲಿನಿಕ್‌ಗೆ ಕರೆದೊಯ್ದರು. ಡ್ರಿಪ್ ಹಾಕಿದರು, ಮಾತ್ರೆ ಕೊಟ್ಟರು. ನನ್ನವರು ಕೆಲಸದಿಂದ ಬರುವವರೆಗೂ ಜೈನಬಕ್ಕ ನನ್ನ ಕಾಲ ಬಳಿ ಕೂತಿದ್ದರು.

ನಾಲ್ಕನೇ ತಿಂಗಳು ಶುರುವಾದಾಗ ಒಂದು ಬೆಳಗ್ಗೆ ವಾಕರಿಕೆ ಇರಲೇ ಇಲ್ಲ. ಮೂರು ದೋಸೆ ತಿಂದು, ಖುಷಿಯಿಂದ ಕೆಳಗಿಳಿದು ಹೇಳಿದೆ. ಅವರ ಮುಖ ಬಿಳುಚಿತು. ಇವತ್ತೇ ಡಾಕ್ಟರಿಗೆ ತೋರಿಸಬೇಕೆಂದು ಹಟ ಹಿಡಿದರು. ವಾಂತಿಯಾದಾಗ ಹೆದರಬೇಡ ಎಂದವರು ನಿಂತಾಗ ಹೆದರುವುದೇ? ನನಗೆ ತಲೆಬುಡ ತಿಳಿಯಲಿಲ್ಲ. ಡಾಕ್ಟರ್ ಮಗುವಿನ ಎದೆಬಡಿತ ಕೇಳಿಸಿ, ಇಷ್ಟು ಹೊತ್ತಿಗೆ ವಾಕರಿಕೆ ಕಡಿಮೆಯಾಗುವುದು ಸಹಜ, ಎಲ್ಲ ಸರಿಯಿದೆ ಎಂದರು.

ಹೊರಗೆ ಬಂದೊಡನೆ ಜೈನಬಕ್ಕ ಬೆಂಚಿನ ಮೇಲೆ ಕೂತರು.

“ನನಗೆ ಮೂರು ಸಲ ವಾಂತಿ ಶುರುವಾಯ್ತು, ಮಾರಾಯ್ತಿ. ಮೂರು ಸಲವೂ ಒಂದು ದಿನ ಪಕ್ಕನೆ ನಿಂತಿತು. ಆಮೇಲೆ ನೋಡಿದ್ರೆ ಹೊಟ್ಟೆಯಲ್ಲಿ ಜೀವ ಇರ್ಲಿಲ್ಲ.”

ಅವರ ಮನೆಯ ಗೋಡೆಯ ಫೋಟೋದಲ್ಲಿದ್ದ ಇಬ್ಬರು ಹುಡುಗಿಯರು ಅವರ ಮಕ್ಕಳೆಂದೇ ನಾನು ತಿಳಿದಿದ್ದೆ. ಅವರ ತಂಗಿಯ ಮಕ್ಕಳೆಂದು ಆಗ ಗೊತ್ತಾಯಿತು. ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ.

ನನ್ನ ಮಗಳು ಸುಖವಾಗಿ ಹುಟ್ಟುವ ಹೊತ್ತಿಗೆ ಕೆಳಮನೆಗೆ ಬೇರೆಯವರು ಬಂದಿದ್ದರು. ಗಂಡನ ಕೆಲಸ ಮುಗಿದು ಜೈನಬಕ್ಕ ಊರಿಗೆ ಹೊರಟದ್ದು ನನಗೆ ಏಳು ತಿಂಗಳು ತುಂಬಿದಾಗ. ಕಟ್ಟಿದ ಪೆಟ್ಟಿಗೆಗಳ ನಡುವೆ ನಿಂತು, ಮುಟ್ಟಲೇ ಎಂದು ಕೇಳಿದರು. ಅಷ್ಟು ತಿಂಗಳಲ್ಲಿ ಅವರು ನನ್ನ ಹೊಟ್ಟೆ ಮುಟ್ಟಿದವರಲ್ಲ. ಅಂಗೈ ಇಟ್ಟರು. ಮಗು ಒದೆಯಿತು. ಬೆಚ್ಚಿ ಕೈ ತೆಗೆದು, ಮತ್ತೆ ಮೆಲ್ಲಗೆ ಇಟ್ಟರು.

“ಹೀಗಾ?” ಎಂದರು. “ಇದು ನನಗೆ ಗೊತ್ತಿರ್ಲಿಲ್ಲ.”